ದೀಕ್ಷಾಸ್ನಾನದ ನೀಲಿ

ಗುರುವಾರ ಮನೆ ನೋಡಲು ಬರುತ್ತಾರೆ ಎಂದು ಫೋನು ಬಂದದ್ದೇ ತಡ, ಆರ್ಡಿತ್ ತನ್ನ ತಾಯಿಗೆ ಒಂದೇ ಮಾತನ್ನು ನಾನಾ ಬಗೆಯಲ್ಲಿ ಹೇಳತೊಡಗಿದಳು. ಬೆಳಿಗ್ಗೆ ಓಟ್ಸ್ ಗಂಜಿ ಕಲಕುತ್ತಾ ಹೇಳಿದಳು. ಮಾತ್ರೆ ಕೊಡುತ್ತಾ ಹೇಳಿದಳು. ಸ್ವೆಟರಿನ ಗುಂಡಿ ಹಾಕುತ್ತಾ ಮತ್ತೆ ಹೇಳಿದಳು.

"ಏನೂ ಮುಟ್ಟಬೇಡಮ್ಮ. ಹಿಂದಿನ ಕೋಣೆ ಹೇಗಿದೆಯೋ ಹಾಗೇ ಇರಲಿ. ಗೋಡೆ ಮೇಲಿನ ಬೂಷ್ಟು ಅಲ್ಲೇ ಇರಲಿ. ಬಕೆಟ್ಟು ಅಲ್ಲೇ ಇರಲಿ."

"ಬಕೆಟ್ಟಿನ ನೀರೂ ಇರಲಾ? ಇದ್ರೆ ನಾಲ್ಕು ಮೀನು ಬಿಡೋಣ," ಎಂದಳು ರೊಸೆಲಾ.

"ತಮಾಷೆ ಮಾಡ್ತಿಲ್ಲ ನಾನು."

"ನಾನೂ ಮಾಡ್ತಿಲ್ಲ. ನೆಂಟರು ಬರೋ ದಿನ ಮನೆ ಗಲೀಜಾಗಿ ಇಡು ಅಂತ ಹೆತ್ತ ತಾಯಿಗೆ ಹೇಳೋ ಮಗಳನ್ನ ಇವತ್ತೇ ನೋಡಿದ್ದು."

"ನೆಂಟರಲ್ಲಮ್ಮ, ಸರ್ಕಾರದೋರು."

"ಹೊಸಿಲು ದಾಟಿ ಒಳಗೆ ಬಂದೋರೆಲ್ಲ ನೆಂಟರೇ."

ಜೆರಿಕೋ ಹಿಲ್‌ನಲ್ಲಿ ಹುಟ್ಟಿದವರಿಗೆ ಅದು ಮೊದಲ ಪಾಠ. ಹ್ಯಾಲಿಫ್ಯಾಕ್ಸ್ ನಗರದ ಕಡೆಯಿಂದ ಬರುವ ರಸ್ತೆಯ ಡಾಂಬರು ಎಲ್ಲಿ ಮುಗಿದು ಕಲ್ಲು ಶುರುವಾಗುತ್ತದೋ ಅಲ್ಲಿಂದ ಈ ಊರು ಶುರು. ಬೇರೆ ಯಾರಿಗೂ ಬೇಡವಾದ ಬಂಡೆನೆಲವನ್ನು ಆಫ್ರಿಕಾ ಮೂಲದ ಇವರ ಹಿರಿಯರಿಗೆ ಕೊಟ್ಟು ಇನ್ನೂರು ವರ್ಷಗಳಾಗಿದ್ದವು. ಕೊಟ್ಟವರು ಹಕ್ಕುಪತ್ರ ಮಾಡಿಕೊಡುವುದನ್ನು ಮಾತ್ರ ಮರೆತಿದ್ದರು. ಪತ್ರ ಇಲ್ಲದ್ದಕ್ಕೆ ಬ್ಯಾಂಕು ಸಾಲ ಕೊಡಲಿಲ್ಲ. ಸಾಲ ಸಿಗದ್ದಕ್ಕೆ ಆರ್ಡಿತ್‌ಳ ಅಪ್ಪ ಹಳೆಯ ಮರದ ಹಲಗೆಗಳನ್ನು ಒಂದೊಂದಾಗಿ ತಂದು ತನ್ನ ಕೈಯಾರೆ ಈ ಮನೆ ಕಟ್ಟಿದ. ಮುಂಭಾಗ ಗಟ್ಟಿಯಾಗಿತ್ತು. ಕೊನೆಗಾಲದಲ್ಲಿ, ಕೈ ನಡುಗುವ ಹೊತ್ತಿಗೆ ಸೇರಿಸಿದ ಹಿಂದಿನ ಕೋಣೆಯ ಮಾಡು ಸೋರುತ್ತಿತ್ತು. ಮೆಟ್ಟಿಲು ಹತ್ತಲಾಗದ ರೊಸೆಲಾ ಮಲಗುತ್ತಿದ್ದದ್ದು ಆ ಕೋಣೆಯಲ್ಲೇ.

ಕಳೆದ ವಸಂತದಲ್ಲಿ ಅವಳ ಶ್ವಾಸಕೋಶಕ್ಕೆ ಕಫ ಕಟ್ಟಿ ಆಸ್ಪತ್ರೆ ಸೇರಿದ್ದಳು. ಮನೆಗೆ ಬಂದು ನೋಡಿಕೊಳ್ಳುವ ನರ್ಸು ಆ ಗೋಡೆ ನೋಡಿ ಆರ್ಡಿತ್‌ಳನ್ನು ಅಂಗಳಕ್ಕೆ ಕರೆದಿದ್ದಳು. ಇನ್ನೊಂದು ಸಲ ಹೀಗಾದರೆ ಇವರನ್ನು ಈ ಕೋಣೆಗೆ ವಾಪಸ್ ಕಳಿಸುವುದಿಲ್ಲ, ನಗರದ ವೃದ್ಧರ ಆರೈಕೆ ಮನೆಗೇ ಕಳಿಸುತ್ತಾರೆ ಎಂದಿದ್ದಳು. ಕಿಟಕಿ ತೆರೆದಿತ್ತು. ಒಳಗಿಂದ ರೊಸೆಲಾಳ ದನಿ ಬಂತು: "ಈ ಮನೆಯಿಂದ ನಾನು ಹೊರಡೋದು ಒಂದೇ ಸಲ. ಆರು ಜನ ಪೆಟ್ಟಿಗೇಲಿ ಹೊತ್ಕೊಂಡಾಗ."

ಅಂದಿನಿಂದ ಆರ್ಡಿತ್ ತಾಯಿಯ ಕೆಮ್ಮಿಗೆ ಕಿವಿಗೊಟ್ಟೇ ಬದುಕುತ್ತಿದ್ದಳು. ಶಾಲೆಯ ಬಸ್ಸು ಓಡಿಸುವಾಗ ಹಿಂದಿನ ಸೀಟಿನಲ್ಲಿ ಯಾವುದೋ ಮಗು ಕೆಮ್ಮಿದರೂ ಸ್ಟೀರಿಂಗಿನ ಮೇಲೆ ಅವಳ ಹಿಡಿತ ಬಿಗಿಯಾಗುತ್ತಿತ್ತು. ಆಫ್ರಿಕಾ ಮೂಲದ ಕುಟುಂಬಗಳು ಹಿಂದೆ ಬಿದ್ದಿವೆ, ಆ ಅಂತರ ತುಂಬಬೇಕು ಎಂದು ಸರ್ಕಾರ ಮನೆ ರಿಪೇರಿಗೆ ನೆರವಿನ ನಿಧಿ ತೆಗೆದಿಟ್ಟ ಸುದ್ದಿ ಚರ್ಚಿನಲ್ಲಿ ಓದಿ ಹೇಳಿದಾಗ ಅವಳು ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದಳು. ಈ ಸಲ ಸಾಲವಲ್ಲ, ಪತ್ರವೂ ಬೇಡ. ಬಂದು ನೋಡುತ್ತಾರೆ, ಕೆಟ್ಟದ್ದರ ಫೋಟೋ ತೆಗೆಯುತ್ತಾರೆ, ಅಷ್ಟೆ.

ತಾಯಿ ಮಾತ್ರ ಮೊದಲಿನಿಂದಲೂ ಮೂಗು ಮುರಿದಿದ್ದಳು.

"ಭಿಕ್ಷೆ."

"ಭಿಕ್ಷೆ ಅಲ್ಲ, ನಮಗೆ ಬರಬೇಕಾದ ಬಾಕಿ."

"ಬಾಕಿ ತೀರಿಸೋನು ಬಾಗಿಲಲ್ಲಿ ಕೊಟ್ಟು ಹೋಗ್ತಾನೆ, ಆರ್ಡಿತ್. ನಿನ್ನ ಮನೆ ಒಳಗೆ ಬಂದು ನಿಂಗೆ ಎಷ್ಟು ಕಷ್ಟ ಇದೆ ತೋರಿಸು ಅನ್ನಲ್ಲ."

ಆದರೂ ಆರ್ಡಿತ್ ಅರ್ಜಿ ಹಾಕಿದ್ದಳು.

"ಬರೋದು ಯಾರು?" ಎಂದು ರೊಸೆಲಾ ಸೋಮವಾರ ಕೇಳಿದಳು.

"ಜಾನೆಲ್ ಸ್ಪಾರ್ಕ್ಸ್ ಅಂತೆ. ನಮ್ಮೋರೇ. ಜನಕ್ಕೆ ಮುಜುಗರ ಆಗದಿರಲಿ ಅಂತ ಸರ್ಕಾರದೋರು ಬೇಕಂತಲೇ ನಮ್ಮೋರನ್ನ ಕೆಲಸಕ್ಕೆ ತಗೊಂಡಿದಾರೆ."

"ಯಾರ ಪೈಕಿ?"

"ನಂಗೇನು ಗೊತ್ತು? ಸ್ಪಾರ್ಕ್ಸ್‌ಗಳು ಊರೂರಲ್ಲೂ ಇದಾರೆ."

ರೊಸೆಲಾ ಅಷ್ಟಕ್ಕೆ ಬಿಡುವವಳಲ್ಲ. ಅಂದು ಸಂಜೆ ಚರ್ಚಿನ ಗೆಳತಿ, ಊರವರು ಪ್ರೀತಿಯಿಂದ ಸಿಸ್ಟರ್ ಎನ್ನುವ ವರ್ಲೀನ್‌ಗೆ ಫೋನು ಹೋಯಿತು. ವರ್ಲೀನ್‌ಗೆ ಗೊತ್ತಿಲ್ಲದ ವಂಶವೃಕ್ಷ ಆ ಸೀಮೆಯಲ್ಲಿ ಇರಲಿಲ್ಲ. ಮಂಗಳವಾರದಿಂದ ರೊಸೆಲಾ ಸುಮ್ಮನಾದಳು. ಬಕೆಟ್ಟಿನ ಬಗ್ಗೆ ತಮಾಷೆಯಿಲ್ಲ, ಭಿಕ್ಷೆಯ ಮಾತಿಲ್ಲ. ಬುಧವಾರ ರಾತ್ರಿ ಮಲಗಿಸುವಾಗ ಆರ್ಡಿತ್ ಮತ್ತೆ "ಏನೂ ಮುಟ್ಟಲ್ಲ ಅಲ್ವಾ?" ಎಂದಾಗ ತಾಯಿ ಅವಳ ಕೆನ್ನೆ ತಟ್ಟಿ "ನಿದ್ದೆ ಮಾಡು ಹೋಗು, ಬೆಳಿಗ್ಗೆ ಬಸ್ಸಿದೆ" ಎಂದಳು. ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಆರ್ಡಿತ್ ಅದನ್ನು ಒಪ್ಪಿಗೆ ಎಂದುಕೊಂಡಳು.

ಗುರುವಾರ ಮಕ್ಕಳನ್ನು ಶಾಲೆಗೆ ಬಿಟ್ಟು ತಿರುಗಿ ಬರುವಾಗ ಅಂಗಳದಲ್ಲಿ ಚರ್ಚಿನ ವ್ಯಾನು ನಿಂತಿರುವುದು ದೂರದಿಂದಲೇ ಕಂಡಿತು. ಅಕ್ಟೋಬರಿನ ಚಳಿಯಲ್ಲಿ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಬಾಗಿಲಿಗೆ ಬರುವಷ್ಟರಲ್ಲಿ ಬ್ಲೀಚಿನ ವಾಸನೆ, ಅದರ ಮೇಲೆ ವಿನೆಗರು, ಅದರ ಮೇಲೆ ಒಲೆಯಲ್ಲಿ ಬೇಯುತ್ತಿರುವ ಕಾಕಂಬಿ ಹಾಕಿದ ಶುಂಠಿ ಕೇಕಿನ ಪರಿಮಳ. ಎಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ. ಬಣ್ಣ.

ಅವಳು ಕೋಟು ಬಿಚ್ಚದೆ ಹಿಂದಿನ ಕೋಣೆಗೆ ಓಡಿದಳು.

ಕೋಣೆಯ ಒಳಸೂರು ನೀಲಿಯಾಗಿತ್ತು. ತಿಳಿನೀಲಿ, ಒಂದು ಕಲೆಯಿಲ್ಲದ ನೀಲಿ. ಆ ಬಣ್ಣದ ಗುರುತು ಅವಳಿಗೆ ತಕ್ಷಣ ಸಿಕ್ಕಿತು. ಬೇಸಿಗೆಯಲ್ಲಿ ಚರ್ಚಿನ ದೀಕ್ಷಾಸ್ನಾನದ ತೊಟ್ಟಿಗೆ ಬಳಿದು ಮಿಕ್ಕ ಬಣ್ಣ ಅದು. ಕರಿ ಬೂಷ್ಟು ಹಬ್ಬಿದ್ದ ಗೋಡೆಗೆ ಅಜ್ಜಿ ಹೊಲಿದ ಕೌದಿಯನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದರು. ಬಕೆಟ್ಟು ಮಾಯವಾಗಿತ್ತು. ಅದರ ಜಾಗದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಬೈಬಲ್ಲು. ಏಣಿ ಮಡಚುತ್ತಿದ್ದ ವರ್ಲೀನ್‌ಳ ಬಿಳಿ ಕೂದಲಲ್ಲೂ ನೀಲಿ ಹನಿಗಳಿದ್ದವು.

"ಹೇಗಿದೆ?" ಎಂದಳು ವರ್ಲೀನ್, ಹೆಮ್ಮೆಯಿಂದ. "ಎರಡು ಗಂಟೆ ಕೆಲಸ. ನಮ್ಮ ಯಜಮಾನ್ರಿಗೆ ಕತ್ತು ತಿರುಗಿಸೋಕೆ ಆಗ್ತಿಲ್ಲ, ವ್ಯಾನಲ್ಲಿ ಮಲಗಿದಾರೆ ಪಾಪ."

"ಸಿಸ್ಟರ್ ವರ್ಲೀನ್, ಏನ್ ಮಾಡಿದ್ರಿ ನೀವು!"

"ನಿಮ್ಮಮ್ಮ ಕರೆದಳು, ಬಂದ್ವಿ. ಥ್ಯಾಂಕ್ಸ್ ಅನ್ನೋದು ಬಿಟ್ಟು ಮುಖ ಹಾಗೆ ಮಾಡ್ಕೊಂಡ್ರೆ ಹೇಗೆ ಮಗಳೇ?"

ರೊಸೆಲಾ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಭಾನುವಾರದ ನೇರಳೆ ಅಂಗಿ. ತಲೆಗೆ ಹ್ಯಾಟು ಮಾತ್ರ ಇಲ್ಲ.

"ಅಮ್ಮ, ಯಾಕೆ?"

"ಬರ್ತಿರೋಳು ಮರ್ಟಲ್ ಮೊಮ್ಮಗಳು," ಎಂದಳು ರೊಸೆಲಾ. ಅದರಲ್ಲಿ ಎಲ್ಲ ಇತ್ತು.

ಹರೆಯದಲ್ಲಿ ರೊಸೆಲಾ ಮತ್ತು ಮರ್ಟಲ್ ಒಂದೇ ಬಸ್ಸಿನಲ್ಲಿ ಹ್ಯಾಲಿಫ್ಯಾಕ್ಸಿಗೆ ಹೋಗಿ ಬಿಳಿಯರ ಮನೆಗಳ ನೆಲ ಉಜ್ಜುತ್ತಿದ್ದರು. ಒಮ್ಮೆ ಚರ್ಚಿನ ಊಟದಲ್ಲಿ, ಎಲ್ಲರೆದುರು, ಮರ್ಟಲ್ ನಗುತ್ತಾ ಅಂದಿದ್ದಳು: "ರೊಸೆಲಾ ಊರೋರ ನೆಲ ಕನ್ನಡಿ ಮಾಡ್ತಾಳೆ, ತನ್ನ ನೆಲ ಮಾತ್ರ ಭಗವಂತನೇ ನೋಡ್ಕೋಬೇಕು." ಆಗ ಆರ್ಡಿತ್ ಎಳೆಗೂಸು, ಅಪ್ಪನಿಗೆ ಕಾಲು ಮುರಿದಿತ್ತು. ಮನೆ ನಿಜಕ್ಕೂ ಗಲೀಜಾಗಿತ್ತು. ಮರ್ಟಲ್ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಆ ನಗು ರೊಸೆಲಾಳ ಕಿವಿಯಿಂದ ಹೋಗಿರಲಿಲ್ಲ.

"ಬಿಳಿಯೋನು ಯಾರಾದ್ರೂ ಬಂದಿದ್ರೆ ಬಕೆಟ್ಟು ತೋರಿಸ್ತಿದ್ದೆ," ಎಂದಳು ರೊಸೆಲಾ. "ಅವನು ನೋಡ್ತಾನೆ, ಹೋಗ್ತಾನೆ, ಮರೀತಾನೆ. ನಮ್ಮೋರು ಮರೆಯಲ್ಲ."

ಆರ್ಡಿತ್ ಕೌದಿ ಕೀಳಬೇಕೆಂದು ತಿರುಗಿದಳು. ಆ ಹೊತ್ತಿಗೆ ಅಂಗಳದ ಕಲ್ಲಿನ ಮೇಲೆ ಕಾರಿನ ಚಕ್ರ ಉರುಳುವ ಸದ್ದಾಯಿತು. ಹುಡುಗಿ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು.

ಜಾನೆಲ್ ಸ್ಪಾರ್ಕ್ಸ್‌ಗೆ ಇಪ್ಪತ್ತೈದರ ಆಸುಪಾಸು. ಸಣ್ಣ ಜಡೆಗಳನ್ನು ಒಟ್ಟುಗೂಡಿಸಿ ಕಟ್ಟಿದ್ದಳು. ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದಳು. ರೊಸೆಲಾ ಅದನ್ನು ಗಮನಿಸಿದಳು.

"ನೀನು ಯಾರ ಪೈಕಿ ಮಗಳೇ?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

"ಅಪ್ಪ ಆಚೆ ಊರಿನ ಸ್ಪಾರ್ಕ್ಸ್, ಮಿಸ್ ರೊಸೆಲಾ. ಅಮ್ಮ ಇಲ್ಲಿಯೋರೇ. ಮರ್ಟಲ್ ಅವರ ಮಗಳು."

"ಹೌದಾ! ಮರ್ಟಲ್ ಮೊಮ್ಮಗಳಾ? ನೋಡು, ಮೂಗು ಅದೇ. ನಿಮ್ಮಜ್ಜಿ ಜೊತೆ ಒಂದೇ ಸೀಟಲ್ಲಿ ಕೂತು ಹೋಗ್ತಿದ್ದೆ ನಾನು. ಬಾ, ಬಾ. ಮನೆ ಎಲ್ಲ ನೋಡು. ಒಂದು ಮೂಲೆನೂ ಬಿಡಬೇಡ."

ಮೂವರೂ ಹಿಂದಿನ ಕೋಣೆಗೆ ಹೋದರು. ವರ್ಲೀನ್ ಹಿಂಬಾಗಿಲಿನಿಂದ ಏಣಿಯೊಂದಿಗೆ ಜಾರಿಕೊಂಡಿದ್ದಳು. ಜಾನೆಲ್ ಕತ್ತೆತ್ತಿ ನೀಲಿ ಸೂರು ನೋಡಿದಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಫೋಟೋ ತೆಗೆದಳು.

"ಇಲ್ಲಿ ಸೋರುತ್ತೆ ಅಂತ ಅರ್ಜಿಯಲ್ಲಿತ್ತು," ಎಂದಳು ಮೆಲ್ಲಗೆ.

"ಮೊದಲು ಎಲ್ಲೋ ಒಂದು ಹನಿ," ಎಂದಳು ರೊಸೆಲಾ. "ನನ್ನ ಮಗಳಿಗೆ ಒಂದು ಹನಿ ಬಿದ್ರೆ ಸಮುದ್ರ ನುಗ್ಗಿದ ಹಾಗೆ. ಹುಟ್ಟಿದಾಗಿನಿಂದ ಹಾಗೇ, ಚಿಂತೆ ಮಾಡೋ ಸ್ವಭಾವ."

ಜಾನೆಲ್ ಕೌದಿಯ ಎದುರು ನಿಂತಳು. ಅದರ ಅಂಚು ಗೋಡೆಯ ತೇವಕ್ಕೆ ಆಗಲೇ ಕಪ್ಪಾಗತೊಡಗಿತ್ತು. ಅವಳು ಕೈ ಚಾಚಲಿಲ್ಲ. ಜೆರಿಕೋ ಹಿಲ್‌ನ ತಾಯಿ ಬೆಳೆಸಿದ ಹುಡುಗಿ, ಇನ್ನೊಬ್ಬರ ಮನೆಯ ಪರದೆ ಎತ್ತುವವಳಲ್ಲ. ತಿರುಗಿ ಆರ್ಡಿತ್‌ಳ ಕಡೆ ನೋಡಿದಳು. ಅದು ನೋಟವಲ್ಲ, ಕೇಳಿಕೆ.

ಆರ್ಡಿತ್ ಕೌದಿಯ ಅಂಚಿಗೆ ಕೈ ಹಾಕಿದಳು. ಬಟ್ಟೆ ತಣ್ಣಗೆ, ಒದ್ದೆಯಾಗಿ ಬೆರಳಿಗೆ ತಾಕಿತು. ಒಂದು ಸಲ ಎಳೆದರೆ ಸಾಕಿತ್ತು.

"ಆರ್ಡಿತ್," ಎಂದಳು ತಾಯಿ. ದನಿ ಏರಿಸಲಿಲ್ಲ. "ಹುಡುಗಿ ಬಂದು ಎಷ್ಟೊತ್ತಾಯ್ತು. ಕೇಕ್ ಕೊಯ್ಯಲ್ವಾ?"

ಐವತ್ತು ದಾಟಿದ ಆರ್ಡಿತ್, ಎಪ್ಪತ್ತು ಮಕ್ಕಳನ್ನು ಒಂದು ಗದರಿಕೆಯಲ್ಲಿ ಸೀಟಿಗೆ ಕೂರಿಸುವ ಆರ್ಡಿತ್, ಕೈ ಬಿಟ್ಟು ಹೋಗಿ ಕೇಕ್ ಕೊಯ್ದಳು.

ಕೊನೆಗೆ ಕಾರಿನ ಬಳಿ ಅವಳು ಜಾನೆಲ್‌ಳ ತೋಳು ಹಿಡಿದಳು. "ಆ ಬಣ್ಣ ಇವತ್ತು ಬೆಳಿಗ್ಗೆ ಬಳಿದದ್ದು."

"ಮೂಗಿದೆ ನಂಗೆ, ಮಿಸ್ ಆರ್ಡಿತ್."

"ಹಾಗಾದ್ರೆ ಅದನ್ನೇ ಬರಿ."

"ಬರೆದ್ರೂ ನಡೆಯಲ್ಲ. ಅವರು ನೋಡೋದು ಫೋಟೋ. ಫೋಟೋದಲ್ಲಿ ವಾಸನೆ ಬರಲ್ಲ." ಹುಡುಗಿ ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಒಂದು ಕೆಲಸ ಮಾಡಿ. ನಾನಿಲ್ಲೇ ನಿಂತಿರ್ತೀನಿ. ಒಳಗೆ ಹೋಗಿ ಆ ಕೌದಿ ತೆಗೀರಿ. ಒಂದು ಫೋಟೋ ತೆಗೆಯೋದು ಮರೆತೆ ಅಂತ ಮತ್ತೆ ಬರ್ತೀನಿ. ನಾನಾಗೇ ಎತ್ತೋಕೆ ಆಗಲ್ಲ, ನಿಮಗೆ ಗೊತ್ತಲ್ಲ."

ಆರ್ಡಿತ್ ತಿರುಗಿದಳು. ಕಿಟಕಿಯಲ್ಲಿ ತಾಯಿ ನಿಂತಿದ್ದಳು. ವರ್ಷದಿಂದ ಊರುಗೋಲಿಲ್ಲದೆ ನಿಲ್ಲದವಳು ಬೆನ್ನು ನೆಟ್ಟಗೆ ಮಾಡಿ, ಒಂದು ಕೈ ಎತ್ತಿ, ಮರ್ಟಲ್‌ಳ ಮೊಮ್ಮಗಳನ್ನು ಬೀಳ್ಕೊಡುತ್ತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ ಕಂಡು ಎಷ್ಟು ಕಾಲವಾಗಿತ್ತೋ.

"ಬೇಡ ಬಿಡು," ಎಂದಳು ಆರ್ಡಿತ್. "ನೀನು ಹೊರಡು."

ನವೆಂಬರಿನಲ್ಲಿ ಉತ್ತರ ಬಂತು. ಮನೆ ಒಳ್ಳೆಯ ಸ್ಥಿತಿಯಲ್ಲಿದೆ, ಹೆಚ್ಚು ಅಗತ್ಯವಿರುವ ಮನೆಗಳಿಗೆ ಈ ಸಲ ನೆರವು ಕೊಡಲಾಗುತ್ತಿದೆ, ವಸಂತದಲ್ಲಿ ಮತ್ತೆ ಅರ್ಜಿ ಹಾಕಬಹುದು. ಆರ್ಡಿತ್ ಬೇಗ ಬೇಗ ಓದಿ ಹೇಳಿ ಮಡಚಿದಳು.

"ಮೊದಲನೇದು ಮತ್ತೆ ಓದು," ಎಂದಳು ರೊಸೆಲಾ.

"ಮನೆ ಒಳ್ಳೆಯ ಸ್ಥಿತಿಯಲ್ಲಿದೆ."

"ಸರ್ಕಾರ ಬರೆದದ್ದು. ವರ್ಲೀನ್‌ಗೆ ಫೋನ್ ಮಾಡಿ ಓದಿ ಹೇಳು."

ಆರ್ಡಿತ್ ಫೋನು ಮಾಡಿದಳು. ಓದಿ ಹೇಳಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಮಾಡಿನ ಮೇಲೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದಳು. ಡಿಸೆಂಬರಿನ ಗಾಳಿ ಅದನ್ನು ಎರಡು ಸಲ ಕಿತ್ತೊಯ್ದಿತು. ಹಾಸಿಗೆಯನ್ನು ಮುಂದಿನ ಕೋಣೆಗೆ ತರುತ್ತೇನೆಂದರೆ ತಾಯಿ ಬಿಲ್‌ಕುಲ್ ಒಪ್ಪಲಿಲ್ಲ. "ಬಂದೋರು ಕೂರೋ ಜಾಗದಲ್ಲಿ ಮಲಗೋಕೆ ನಾನೇನು ಹೆಣವಾ? ಆ ದಿನ ಬಂದಾಗ ಅಲ್ಲೇ ಮಲಗಿಸ್ತೀಯಂತೆ."

ಫೆಬ್ರವರಿಯಲ್ಲಿ ಹಿಮದ ನಡುವೆ ಎರಡು ದಿನ ಬಿಸಿಲು ಬಂತು. ಮಾಡಿನ ಮೇಲೆ ಗಟ್ಟಿ ಕೂತಿದ್ದ ಹಿಮ ಕರಗಿತು. ಸೂರಿನಿಂದ ನೀರು ತೊಟ್ಟಿಕ್ಕಲಿಲ್ಲ. ದಪ್ಪ ಬಣ್ಣ ಅದನ್ನು ತಡೆದು ಹಿಡಿದಿತ್ತು. ತಡೆದದ್ದು ಹೊಟ್ಟೆಯಂತೆ ಊದಿತು. ಅಂದು ಮಧ್ಯಾಹ್ನ, ಆರ್ಡಿತ್ ಮಕ್ಕಳನ್ನು ಮನೆಗಳಿಗೆ ಬಿಡುತ್ತಿದ್ದ ಹೊತ್ತಿನಲ್ಲಿ, ಸೂರು ಒಂದೇ ಏಟಿಗೆ ಕಳಚಿ ಹಾಸಿಗೆಯ ಮೇಲೆ ಬಿತ್ತು.

ಅವಳು ಬಂದಾಗ ರೊಸೆಲಾ ಮಂಚದ ತುದಿಯಲ್ಲಿ ತೊಯ್ದು ಕೂತಿದ್ದಳು. ಗಾಯವಾಗಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಹೆಗಲ ಮೇಲೆ, ತಲೆಯ ಮೇಲೆ, ಮಡಿಲಲ್ಲಿ ನೀಲಿ ಚೂರುಗಳು.

"ತೊಟ್ಟಿಯಲ್ಲಿ ಮುಳುಗಿ ಎದ್ದ ಹಾಗಾಯ್ತು," ಎಂದಳು. "ಈ ವಯಸ್ಸಲ್ಲಿ ಎರಡನೇ ದೀಕ್ಷಾಸ್ನಾನ. ಪಾದ್ರಿನೇ ಇರಲಿಲ್ಲ." ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ಆರ್ಡಿತ್‌ಗೆ ಗೊತ್ತಿದ್ದ ಕೆಮ್ಮು.

ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಹೊರಗೆ ತರುವಾಗ ರೊಸೆಲಾ ಮಗಳ ಕೈ ಹಿಡಿದೆಳೆದಳು. "ಹಾಸಿಗೆ ಸರಿ ಮಾಡು. ಕಸ ಗುಡಿಸು. ಯಾರಾದ್ರೂ ವಿಚಾರಿಸೋಕೆ ಬಂದ್ರೆ ಹೀಗಿರಬಾರದು." ಹೊತ್ತವರು ಇಬ್ಬರೇ. ಆರು ಜನ ಇರಲಿಲ್ಲ.

ಜ್ವರ ಇಳಿದ ಮೇಲೆ ನರ್ಸು ಅಂದು ಹೇಳಿದ್ದನ್ನೇ ಡಾಕ್ಟರೂ ಹೇಳಿದರು. ರೊಸೆಲಾಳನ್ನು ನಗರದ ಆರೈಕೆ ಮನೆಗೆ ಸೇರಿಸಲಾಯಿತು. ಅಲ್ಲಿ ಸೂರು ಬೆಳ್ಳಗೆ, ಬೆಚ್ಚಗೆ, ಒಣಗಿತ್ತು. ಇನ್ನು ಅವಳಿಗೆ ಆಮ್ಲಜನಕದ ನಳಿಕೆ ಬಿಟ್ಟು ಇರಲಾಗದು, ಮನೆಯ ಆಸೆ ಬಿಡಿ ಎಂದರು ಅಲ್ಲಿನವರು.

ಏಪ್ರಿಲ್‌ನಲ್ಲಿ ಜಾನೆಲ್ ಮತ್ತೆ ಬರುವವಳಿದ್ದಳು. ಎರಡನೆಯ ಅರ್ಜಿಯನ್ನು ಯಾಕೆ ಹಾಕಿದೆನೆಂದು ಆರ್ಡಿತ್‌ಗೇ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಕಟ್ಟಿದ ಮನೆ ಮಣ್ಣಾಗುವುದನ್ನು ನೋಡಲಾರದೆ ಹಾಕಿದ್ದಳು ಅನ್ನಬೇಕು. ಹಿಂದಿನ ಕೋಣೆಯನ್ನು ಫೆಬ್ರವರಿಯಿಂದ ಮುಟ್ಟಿರಲಿಲ್ಲ. ಅಂದು ಬೆಳಿಗ್ಗೆ ಬಾಗಿಲು ತೆರೆದಳು. ನೀಲಿ ಚೂರುಗಳು ಹಾಸಿಗೆಯ ಮೇಲೆ ಹಾಗೇ ಒಣಗಿ ಸುರುಟಿಕೊಂಡಿದ್ದವು. ಕೌದಿ ಅರ್ಧ ಕಳಚಿ ನೇತಾಡುತ್ತಿತ್ತು. ಅವಳಿಗೆ ಗೊತ್ತಿಲ್ಲದಂತೆ ಕೈಗೆ ಪೊರಕೆ ಬಂದಿತ್ತು. ಒಂದು ಮೂಲೆ ಗುಡಿಸಿಯೂ ಆಗಿತ್ತು.

ನಿಂತಳು. ಪೊರಕೆಯನ್ನು ಹಿಂಬಾಗಿಲಾಚೆ ಎಸೆದು, ಅಡುಗೆಮನೆಯ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಕೂತಳು. ನೆಂಟರು ಬರುವ ದಿನ ಸುಮ್ಮನೆ ಕೂತಿರುವುದಕ್ಕಿಂತ ಕಷ್ಟದ ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ.

ಜಾನೆಲ್ ಬೂಟು ಬಿಚ್ಚಹೋದಳು.

"ಹಾಕ್ಕೊಂಡೇ ಬಾ," ಎಂದಳು ಆರ್ಡಿತ್. "ಕಾಲಿಗೆ ಚುಚ್ಚುತ್ತೆ. ಕೇಕ್ ಮಾಡಿಲ್ಲ."

ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆದಳು, ಸೂರಿನದು, ಗೋಡೆಯದು, ಹಾಸಿಗೆಯದು. ಕೌದಿಯ ಬಳಿ ಬಂದಾಗ ಆರ್ಡಿತ್ ತಾನೇ ಅದನ್ನು ಪೂರ್ತಿ ಎಳೆದು ಮಡಚಿ ಎದೆಗೆ ಅವಚಿಕೊಂಡಳು.

"ಈ ಸಲ ಆಗುತ್ತೆ," ಎಂದಳು ಜಾನೆಲ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಬೇಸಿಗೆಗೆ ಕೆಲಸದೋರು ಬರ್ತಾರೆ. ಹೊಸ ಮಾಡು, ಗೋಡೆ, ಎಲ್ಲ. ಮಿಸ್ ರೊಸೆಲಾ ಅಷ್ಟೊತ್ತಿಗೆ ವಾಪಸ್..."

"ಇಲ್ಲ."

"ಅವತ್ತು ನಾನೇ ಎತ್ತಬೇಕಿತ್ತು."

"ಎತ್ತಿದ್ರೆ ನೀನು ಅವಳ ಪಾಲಿಗೆ ಮರ್ಟಲ್ ಆಗ್ತಿದ್ದೆ," ಎಂದಳು ಆರ್ಡಿತ್. "ಎಳೆಯಬೇಕಿದ್ದೋಳು ನಾನು."

ಭಾನುವಾರ ಚರ್ಚು ಮುಗಿಸಿ ಆರ್ಡಿತ್ ಆರೈಕೆ ಮನೆಗೆ ಹೋದಳು. ರೊಸೆಲಾ ಕಿಟಕಿಯ ಬಳಿ, ಮೂಗಿಗೆ ನಳಿಕೆ ಇಟ್ಟುಕೊಂಡು, ನೇರಳೆ ಅಂಗಿಯಲ್ಲಿ ಕೂತಿದ್ದಳು. ಆರ್ಡಿತ್ ಕೌದಿಯನ್ನು ಒಗೆದು ತಂದಿದ್ದಳು. ಅದನ್ನು ತಾಯಿಯ ಮಡಿಲಿಗೆ ಹರಡಿದಳು. ಎಷ್ಟು ಒಗೆದರೂ ಒಂದು ಅಂಚಿನ ಕಪ್ಪು ಹೋಗಿರಲಿಲ್ಲ. ಆ ಅಂಚನ್ನು ಒಳಗೆ ಮಡಚಿಟ್ಟಿದ್ದಳು.

"ಆ ಹುಡುಗಿ ಬಂದಿದ್ಲಂತೆ. ವರ್ಲೀನ್ ಹೇಳಿದ್ಲು," ಎಂದಳು ರೊಸೆಲಾ. ಪ್ರತಿ ಮಾತಿಗೂ ಉಸಿರು ತೆಗೆದುಕೊಳ್ಳಬೇಕಿತ್ತು. "ನನ್ನ ಕೋಣೆ ನೋಡಿದ್ಲಾ?"

"ನೋಡಿದ್ಲು."

ರೊಸೆಲಾಳ ಬೆರಳುಗಳು ಕೌದಿಯ ಮೇಲೆ ನಿಂತವು. "ಹೇಗಿತ್ತು?"

ಆರ್ಡಿತ್ ತಾಯಿಯ ಮುಖ ನೋಡಿದಳು.

"ಚೊಕ್ಕಟವಾಗಿತ್ತಮ್ಮ. ಬೆಳಿಗ್ಗೆ ಎದ್ದು ಎಲ್ಲ ಗುಡಿಸಿ ಒರೆಸಿದ್ದೆ."

"ಹಾಸಿಗೆ?"

"ಬಿಳಿ ಹೊದಿಕೆ ಹಾಸಿದ್ದೆ. ನಿಂದೇ, ಕಸೂತಿಯದ್ದು."

"ಕೇಕ್ ಮಾಡಿದ್ಯಾ?"

"ಎರಡು ಚೂರು ತಿಂದ್ಲು. ಇನ್ನೊಂದು ಕಟ್ಟಿಸ್ಕೊಂಡು ಹೋದ್ಲು."

"ಅವರಜ್ಜಿಗೂ ಸಿಹಿ ಅಂದ್ರೆ ಪ್ರಾಣ," ಎಂದು ರೊಸೆಲಾ ತೃಪ್ತಿಯಿಂದ ಕಣ್ಣು ಮುಚ್ಚಿದಳು. ಆರ್ಡಿತ್ ಕೌದಿಯ ಮಡಿಕೆ ಬಿಚ್ಚಿಕೊಳ್ಳದಂತೆ ಆ ಅಂಚಿನ ಮೇಲೆ ಕೈ ಇಟ್ಟುಕೊಂಡು, ತಾಯಿಗೆ ನಿದ್ದೆ ಬರುವವರೆಗೂ ಹಾಗೇ ಕೂತಳು.